ಡ್ರೈವರನನ್ನೇ ಇಳಿಸಿದ ಕಂಡಕ್ಟರು

ನಮ್ಮ ಕಾಕಾ ನಿವೃತ್ತರಾಗಿದ್ದಾರೆ ಎಂಬ ಸುದ್ದಿಯನ್ನು ಇನ್ನೂ ಯಾರೂ ಅವರಿಗೆ ಮುಟ್ಟಿಸಿಲ್ಲ ಎಂಬುದು ನನ್ನ ಬಲವಾದ ಅನುಮಾನ. ಡಿಪೋದವರು ಹಾರ ಹಾಕಿ, ಶಾಲು ಹೊದಿಸಿ, ಗೋಡೆ ಗಡಿಯಾರವೊಂದನ್ನು ಕೈಗಿತ್ತು ಕಳಿಸಿದ್ದೇನೋ ನಿಜ. ಕಾಕಾ ಮಾತ್ರ ಅದನ್ನು ಸ್ವಲ್ಪ ದೊಡ್ಡ ರಜೆ ಎಂದಷ್ಟೇ ತಿಳಿದುಕೊಂಡರು. ಸವದತ್ತಿ–ರಾಮದುರ್ಗ ಬಸ್ಸಿನಲ್ಲಿ ಆಯುಷ್ಯವನ್ನೆಲ್ಲ ನಿಂತುಕೊಂಡೇ ಕಳೆದ ಕಂಡಕ್ಟರು ಅವರು. ಇವತ್ತಿಗೂ ಮನೆಗೆ ಬೀಗರು ಬಂದರೆ "ಒಳಗ ಸರೀರಿ, ಬಾಗಲದಾಗ ನಿಲ್ಲಬ್ಯಾಡ್ರಿ" ಎನ್ನುತ್ತಾರೆ. ಹಬ್ಬದ ಪಂಕ್ತಿಯಲ್ಲಿ ಮೂವರು ಕೂರುವ ಚಾಪೆಯ ಮೇಲೆ ಐವರನ್ನು ಕೂರಿಸಿ, ಇನ್ನೂ ಒಬ್ಬರಿಗೆ ಜಾಗವಿದೆ ಎಂದು ಬಾಗಿಲ ಕಡೆ ನೋಡುತ್ತಾರೆ. ಇಂಥವರ ಕೈಗೆ ಸಾವಿರಾರು ಜನರ ಗುಂಪೊಂದನ್ನು ಕೊಟ್ಟರೆ ಏನಾದೀತು ಎಂದು ಒಬ್ಬರಾದರೂ ಯೋಚಿಸಬೇಕಿತ್ತಲ್ಲವೆ?

ಯೋಚಿಸಲಿಲ್ಲ. ಬೈಲಹೊಂಗಲದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಒಬ್ಬ ಗೃಹಸ್ಥರು ಕಬಡ್ಡಿ ಅಭಿಮಾನಿಗಳಿಗಾಗಿ ಫೋನಿನಲ್ಲಿ ಒಂದು ಗುಂಪು ಕಟ್ಟಿದ್ದರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಬಡ್ಡಿ ಹುಚ್ಚರೆಲ್ಲ ಅದರಲ್ಲಿ ತುಂಬಿಕೊಂಡರು. ಮ್ಯಾಚು ಶುರುವಾದರೆ ಸಾಕು, ಅಂಕಣದಲ್ಲಿ ಆಡುವವರಿಗಿಂತ ಗುಂಪಿನಲ್ಲಿ ಆಡುವವರೇ ಹೆಚ್ಚು ಬೆವರುತ್ತಿದ್ದರು. ಬೈಗುಳ ವಿಪರೀತವಾದಾಗ ಅಂಗಡಿಯವರು ಕೈಮುಗಿದು, ಗುಂಪಿನ ಮೇಲೆ ಕಣ್ಣಿಡಲು ಯಾರಾದರೂ ಮುಂದೆ ಬರಬೇಕೆಂದು ಕೇಳಿಕೊಂಡರು. ಆ ಹುದ್ದೆಗೆ ಮಾಡರೇಟರ್ ಎಂದು ಹೆಸರು. ಕಾಕಾ ಊಟ ಬಿಟ್ಟೆದ್ದು ತಮ್ಮ ಹೆಸರು ಕೊಟ್ಟರು.

"ಅದೇನ ಕೆಲಸಾರಿ?" ಎಂದು ಕಾಕು ಕೇಳಿದಳು. ಕಾಕು ಎಂದರೆ ಅವರ ಹೆಂಡತಿ.

"ಗದ್ದಲ ಮಾಡೋರನ್ನ ಇಳಸೋದು."

"ಪಗಾರ?"

"ಸೇವಾ."

"ಅಂದ್ರ ಮೊದಲಿನಕ್ಕಿಂತಾ ಕಡಿಮಿ" ಎಂದು ಕಾಕು ರೊಟ್ಟಿ ಬಡಿಯಲು ಹೋದಳು.

ಮರುದಿನದಿಂದ ಕಾಕಾನ ಡ್ಯೂಟಿ ಶುರು. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಮನೆಯ ಮುಂದಿನ ಕಟ್ಟೆಯ ಮೇಲೆ ಫೋನು ಹಿಡಿದು ಕೂತರೆ ಕರೆದರೂ ಏಳುತ್ತಿರಲಿಲ್ಲ. ಹೊಸಬರು ಯಾರಾದರೂ ಗುಂಪಿಗೆ ಬಂದರೆ ಮೊದಲ ಪ್ರಶ್ನೆ "ಎಲ್ಲಿಂದ್ರಿ?" ಎರಡನೆಯದು "ಯಾವ ಟೀಮಿನವರ್ರಿ?" ಉತ್ತರ ಬಂದ ಮೇಲೆ "ಹಿಂದ ಜಾಗಾ ಐತಿ, ಸರೀರಿ." ಒಂದೇ ಸುದ್ದಿಯನ್ನು ಎರಡೆರಡು ಸಲ ಹಾಕಿದವರಿಗೆ "ದಾರಿ ಬಿಡ್ರಿ, ಮಂದಿ ಇಳಿಯವರದಾರ." ಬೈದವರಿಗೆ ಮೊದಲು ಎಚ್ಚರಿಕೆ, ಕೇಳದಿದ್ದರೆ "ಇಳೀರಿ." ಇಳಿಸಿದವರ ಮೇಲೆ ದ್ವೇಷವೇನೂ ಇಲ್ಲ. ಎರಡು ದಿನ ಬಿಟ್ಟು "ಮುಂದಿನ ಬಸ್ಸು ಬಂದೈತಿ, ಹತ್ರಿ" ಎಂದು ತಾವೇ ಕರೆದು ಸೇರಿಸಿಕೊಳ್ಳುತ್ತಿದ್ದರು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಕಾಕಾ ಟ್ರಂಕಿನಿಂದ ತಮ್ಮ ಹಳೆಯ ಸೀಟಿಯನ್ನು ಹೊರತೆಗೆದರು! ಜಗಳ ಜೋರಾದರೆ ಉದ್ದನೆಯ ಒಂದು ಸೀಟಿಯನ್ನು ವಾಯ್ಸ್ ಮೆಸೇಜಿನಲ್ಲಿ ಊದಿ ಕಳಿಸುವುದು, ಎಲ್ಲರೂ ನಿಲ್ಲಬೇಕು. ಸಮಾಧಾನವಾದ ಮೇಲೆ ಚಿಕ್ಕದಾಗಿ ಎರಡು, ಮಾತು ಮುಂದುವರಿಯಬಹುದು. ಕಿತ್ತೂರಿನ ಸದಸ್ಯರೊಬ್ಬರು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಈ ಮೆಸೇಜನ್ನು ಜೋರಾಗಿ ಕೇಳಿಸಿಕೊಂಡರಂತೆ, ಡ್ರೈವರು ನಡುದಾರಿಯಲ್ಲಿ ಗಕ್ಕನೆ ಬ್ರೇಕು ಹಾಕಿದನಂತೆ, ಯಾರೂ ಇಳಿಯಲಿಲ್ಲವಂತೆ. ಸುಳ್ಳೇ ಇರಬಹುದು. ಕಾಕಾ ಮಾತ್ರ ಕೇಳಿ ತುಂಬ ಸಂತೋಷಪಟ್ಟರು.

ಹಾಸ್ಯ ಹಾಗಿರಲಿ, ಕಾಕಾನ ನ್ಯಾಯಕ್ಕೆ ಬೆರಳು ತೋರಿಸುವ ಹಾಗಿರಲಿಲ್ಲ. ನೌಕರಿಯಲ್ಲಿದ್ದಾಗಲೂ ಹಾಗೆಯೇ. ಒಮ್ಮೆ ಅವರ ಹೆತ್ತ ತಾಯಿ, ಅಂದರೆ ನನ್ನಜ್ಜಿ, ಹೂಲಿಗೆ ಹೋಗಲು ಇವರದೇ ಬಸ್ಸು ಹತ್ತಿದ್ದಳು. ಕಾಕಾ ಟಿಕೆಟ್ ಹರಿದು ಕೈಗಿಟ್ಟು ದುಡ್ಡು ಕೇಳಿದರು. "ಒಂಬತ್ತ ತಿಂಗಳ ಹೊಟ್ಟ್ಯಾಗ ಹೊತಗೊಂಡು ತಿರಿಗೇನಿ, ಆವಾಗ ನಿನಗ ಟಿಕೀಟ ಹರದಿದ್ನೇನಲೇ?" ಎಂದು ಅಜ್ಜಿ ಬಸ್ಸಿಗೆಲ್ಲ ಕೇಳುವಂತೆ ಅಂದಳು. ಬಸ್ಸು ಬಿದ್ದು ಬಿದ್ದು ನಕ್ಕಿತು. ಕಾಕಾ ತಮ್ಮ ಕಿಸೆಯಿಂದ ದುಡ್ಡು ಹಾಕಿದರೇ ಹೊರತು ಟಿಕೆಟ್ ವಾಪಸು ತೆಗೆದುಕೊಳ್ಳಲಿಲ್ಲ. ಎಲ್ಲರಿಗೂ ಒಂದೇ ನಿಯಮ ಎಂಬುದು ಅವರ ಏಕೈಕ ಆಸ್ತಿ. ಆ ಆಸ್ತಿಯೇ ಅವರಿಗೆ ಮುಳುವಾಯಿತು.

ಹೇಗೆಂದು ತಿಳಿಯಬೇಕಾದರೆ ಡ್ರೈವರ್ ಮಾಮಾನನ್ನು ನಿಮಗೆ ಪರಿಚಯಿಸಬೇಕು. ರಾಮದುರ್ಗದವರು. ಕಾಕಾನ ಬಸ್ಸಿಗೆ ಅವರೇ ಡ್ರೈವರು. ಇಬ್ಬರೂ ಒಂದೇ ಬಸ್ಸಿನಲ್ಲಿ ಮುದುಕರಾದವರು. ಕಬಡ್ಡಿ ಹುಚ್ಚೂ ಒಂದೇ, ಆದರೆ ಮೆಚ್ಚಿದ ರೇಡರ್ ಬೇರೆ ಬೇರೆ. ಹೀಗಾಗಿ ಮುಂದಿನ ಸೀಟಿನಿಂದ ಹಿಂದಿನ ಬಾಗಿಲವರೆಗೆ ದಿನವಿಡೀ ಬೈದಾಟ. ಅವರು ಇವರಿಗೆ "ಮಂಗ್ಯಾನ ಮಗನ" ಎನ್ನುವುದು, ಇವರು ಅವರಿಗೆ "ಖೋಡಿ" ಎನ್ನುವುದು. ಒಮ್ಮೆ ತೊರಗಲ್ಲಿನ ಹತ್ತಿರ ಪರಸ್ಥಳದ ಪ್ರಯಾಣಿಕರೊಬ್ಬರು ಹೆದರಿ, "ಜಗಳ ಬಿಡ್ರೆಪಾ, ನಮ್ಮನ್ನ ಊರ ಮುಟ್ಟಸ್ರಿ" ಎಂದು ಮಧ್ಯೆ ಬಂದರಂತೆ. ಇಬ್ಬರೂ ಒಟ್ಟಿಗೆ ಅವರ ಕಡೆ ತಿರುಗಿ, "ಯಾರ್ರೀ ಜಗಳ ಮಾಡಾಕತ್ತಾರು?" ಎಂದು ಗದರಿದರಂತೆ. ಪಾಪ, ಅವರಿಗೇನು ಗೊತ್ತು?

ಇನ್ನೊಮ್ಮೆ ಗುಡ್ಡದ ಇಳಿಜಾರಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಮಾಮಾ ಬಸ್ಸನ್ನು ಮಣ್ಣಿನ ಒಡ್ಡಿಗೆ ಆನಿಸಿ ನಿಲ್ಲಿಸಿದರು. ಪ್ರಯಾಣಿಕರಿಗೆ ಏನೂ ಆಗಲಿಲ್ಲ. ನಿಂತಿದ್ದ ಕಾಕಾ ಮಾತ್ರ ಸೀಟುಗಳ ನಡುವೆ ಉರುಳಿದರು. ಮಾಮಾ ಬ್ಯಾಗು ಬುಟ್ಟಿಗಳ ಮೇಲೆ ದಾಟಿಕೊಂಡು ಬಂದು, ಕಾಕಾನ ತಲೆ, ಕೈ, ಕಾಲು ಮುಟ್ಟಿ ಮುಟ್ಟಿ ನೋಡುತ್ತ, ಬಾಯಿಗೆ ಬಂದದ್ದನ್ನೆಲ್ಲ ಬೈದರಂತೆ. "ಅವತ್ತ ಬೈದಂಗ ಅಂವಾ ಎಂದೂ ಬೈದಿಲ್ಲ" ಎಂದು ಕಾಕಾ ಆ ಕಥೆಯನ್ನು ಹೇಳುವಾಗಲೆಲ್ಲ ಅವರ ಮುಖ ಅರಳುತ್ತಿತ್ತು.

ನಿವೃತ್ತಿಯ ನಂತರವೂ ಮಾಮಾ ವಾರಕ್ಕೊಮ್ಮೆ ರಾಮದುರ್ಗದಿಂದ ಬಂದು ನಮ್ಮ ಕಟ್ಟೆಯ ಮೇಲೆ ಕೂರುತ್ತಿದ್ದರು. ಓಣಿಯ ತುದಿಯಿಂದಲೇ ಬೈಗುಳ ಶುರುವಾಗುತ್ತಿತ್ತು. ಅದು ಕಿವಿಗೆ ಬಿದ್ದ ಕೂಡಲೇ ಕಾಕು ಚಹಾಕ್ಕಿಡುತ್ತಿದ್ದಳು. ಮಾಮಾನ ಫೋನಿನಲ್ಲಿ ಕಬಡ್ಡಿ ಗುಂಪು ಹಾಕಿಕೊಟ್ಟವರೂ ಕಾಕಾನೇ. ಹತ್ತಿಸಿಕೊಂಡದ್ದೂ ಅವರೇ, ಇಳಿಸಿದ್ದೂ ಅವರೇ.

ಆ ಸಂಜೆ ಕಾಕಾನ ತಂಡ ಒಂದೇ ಅಂಕದಿಂದ ಸೋತಿತು. ಕಾಕಾನ ಮೆಚ್ಚಿನ ರೇಡರ್ ಕೊನೆಯ ಗಳಿಗೆಯಲ್ಲಿ ಗೆರೆ ತುಳಿದಿದ್ದ. ಮಾಮಾನಿಗೆ ಇದಕ್ಕಿಂತ ದೊಡ್ಡ ಹಬ್ಬ ಯಾವುದು? ಗುಂಪಿನಲ್ಲಿ ಅವರ ವಾಯ್ಸ್ ಮೆಸೇಜು ಮೊಳಗಿತು: "ಏ ಮಂಗ್ಯಾನ ಮಗನ ಕಂಡಕ್ಟರ, ಎಲ್ಲಿ ಹೋತಲೇ ನಿನ್ನ ಹುಲಿ? ಗೆರಿ ತುಳದು ಕುಂತತಲ್ಲೋ!" ಜನ ನಕ್ಕರು. ಕಾಕಾನೂ ಮೀಸೆಯಲ್ಲೇ ನಕ್ಕರು, ನಾನು ಪಕ್ಕದಲ್ಲೇ ಇದ್ದೆ. ಆದರೆ ಅದೇ ವಾರ ಇದಕ್ಕಿಂತ ಸಣ್ಣ ಬೈಗುಳಕ್ಕಾಗಿ ಕಾಕಾ ಕಿತ್ತೂರಿನವರೊಬ್ಬರನ್ನು ಇಳಿಸಿ, ಮತ್ತೆ ಹತ್ತಿಸಿಕೊಂಡಿದ್ದರು. ಆ ಮನುಷ್ಯ ಎಲ್ಲರೆದುರು ಕೇಳಿದರು: "ನಿಮ್ಮ ಡ್ರೈವರಿಗೆ ಫ್ರೀ ಪಾಸ್ ಐತೇನ್ರಿ ಸಾಹೇಬ್ರ?"

ಕಾಕಾನ ನಗು ಅಲ್ಲಿಗೇ ನಿಂತಿತು. ಹೆತ್ತ ತಾಯಿಗೆ ಟಿಕೆಟ್ ಹರಿದವರನ್ನು ಕೇಳುವ ಮಾತೇ ಅದು? ಗುಂಪಿನಲ್ಲಿ ಮಾಮಾನಿಗೆ ಎಚ್ಚರಿಕೆ ಕೊಟ್ಟರು: "ಇಲ್ಲಿ ಬೈಯಬಾರದು. ಇನ್ನೊಮ್ಮೆ ಬೈದ್ರ ಇಳಸಬೇಕಾಕ್ಕೈತಿ." ಮಾಮಾ ಇದೂ ಆಟವೇ ಎಂದುಕೊಂಡರು. "ಯಾರನ್ನ ಇಳಸ್ತೀಯೋ ಮಂಗ್ಯಾನ ಮಗನ, ಬಸ್ ನಂದು" ಎಂದು ಹೇಳಿ, ಅದಕ್ಕೆ ಇನ್ನೂ ನಾಲ್ಕು ಮಾತು ಸೇರಿಸಿದರು.

"ಕಾಕಾ, ಬ್ಯಾಡ್ರಿ. ಮೊದಲ ಒಂದ ಫೋನ್ ಮಾಡಿ ಹೇಳ್ರಿ" ಎಂದೆ. ಅಣ್ಣನ ಮಗಳಾದ ನನ್ನನ್ನು ಕಾಕಾ ತಂಗಿ ಎಂದೇ ಕರೆಯುವುದು.

"ಎರಡ ದಿನದ ಮಾತು ತಂಗಿ. ಅಂವಗ ತಿಳೀತೈತಿ" ಎಂದು ಕಾಕಾ ಮಾಮಾನನ್ನು ಇಳಿಸಿದರು. ಇಳಿಸಿ, "ನಿಯಮ ಎಲ್ಲಾರಿಗೂ ಒಂದ" ಎಂದು ಗುಂಪಿಗೆ ಸಾರಿದರು. ಚಪ್ಪಾಳೆಯ ಚಿತ್ರಗಳು ಸಾಲುಗಟ್ಟಿ ಬಂದವು. ಕಾಕಾ ಅವನ್ನೆಲ್ಲ ನನಗೆ ತೋರಿಸಿದರು. ಮಾಮಾ ಅವನ್ನು ನೋಡುವಂತಿರಲಿಲ್ಲ.

ಅವರಿಗೆ ತಿಳಿಯಲಿಲ್ಲ. ಫೋನು ಕೆಟ್ಟಿದೆ ಎಂದುಕೊಂಡು ಮರುದಿನ ಅದನ್ನು ರಿಪೇರಿಗೆ ಒಯ್ದರಂತೆ. ಇದನ್ನು ಆಮೇಲೆ ಮಾಮಾನ ಹೆಂಡತಿ ನನಗೆ ಹೇಳಿದರು. ಅಂಗಡಿಯವನು ನೋಡಿ, ಅಲ್ಲಿದ್ದ ಗಿರಾಕಿಗಳ ಮುಂದೆಯೇ, "ಫೋನ್ ಚಲೋ ಐತ್ರಿ, ನಿಮ್ಮನ್ನ ತಗದ ಹಾಕ್ಯಾರ" ಎಂದನಂತೆ. ಯಾರು ತೆಗೆದರು ಎಂದು ಕೇಳಿದ್ದಕ್ಕೆ ಕಾಕಾನ ಹೆಸರು ಓದಿ ಹೇಳಿದನಂತೆ. ಮಾಮಾ ಫೋನು ಕಿಸೆಯಲ್ಲಿಟ್ಟುಕೊಂಡು ಮನೆಗೆ ಬಂದರಂತೆ.

ಎರಡು ದಿನ ಕಳೆದ ಮೇಲೆ ಕಾಕಾ ಎಂದಿನಂತೆ "ಮುಂದಿನ ಬಸ್ಸು ಬಂದೈತಿ" ಎಂದು ಕರೆದರು. ಮಾಮಾ ಹತ್ತಿದರು. ಹತ್ತಿ ಬರೆದರು: "ಎಲ್ಲ ಹಿರಿಯರಿಗೆ ನಮಸ್ಕಾರಗಳು. ಇಂದಿನ ಪಂದ್ಯ ಉತ್ತಮವಾಗಿತ್ತು." ಕಾಕಾ ಗಾಬರಿಯಾದರು. ಮಾಮಾನನ್ನು ಕೆರಳಿಸಲೆಂದು, ಅವರ ಮೆಚ್ಚಿನ ರೇಡರ್ ಮುದಿ ಎತ್ತಾಗಿದ್ದಾನೆ ಎಂದು ಬರೆದರು. "ತಮ್ಮ ಅಭಿಪ್ರಾಯಕ್ಕೆ ಗೌರವವಿದೆ" ಎಂದು ಮಾಮಾನಿಂದ ಉತ್ತರ ಬಂತು. ಕಾಕಾ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದರು. ಆ ವಾರ ಮಾಮಾ ಸವದತ್ತಿಗೆ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಫೋನು ಮಾಡಿದರೆ "ಮೊಣಕಾಲ ನೋವ್ರಿ" ಎಂದರು. ಕಾಕಾ ಕಟ್ಟೆಯ ಮೇಲೆ ಫೋನು ಬದಿಗಿಟ್ಟು ಓಣಿಯ ತುದಿಯನ್ನೇ ನೋಡುತ್ತ ಕೂರಲು ಶುರುಮಾಡಿದರು. ಗುಂಪಿನಲ್ಲಿ ಜನ ಯಥೇಚ್ಛವಾಗಿ ಬೈದಾಡಿಕೊಂಡರು. ಯಾರನ್ನೂ ಇಳಿಸುವ ಮನಸ್ಸು ಕಾಕಾನಿಗೆ ಬರಲಿಲ್ಲ. ಬೈಲಹೊಂಗಲದ ಅಂಗಡಿಯವರಿಗೆ ಫೋನು ಮಾಡಿ ಮಾಡರೇಟರ್ ಕೆಲಸ ಬಿಟ್ಟರು.

ದಸರೆ ಬಂತು. ನಮ್ಮ ಕಡೆ ಅವತ್ತು ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು "ಬಂಗಾರದಂಗ ಇರೋಣು" ಎನ್ನುತ್ತೇವೆ. ವರ್ಷವಿಡೀ ಮಾತು ಬಿಟ್ಟವರೂ ಆ ಎಲೆಯ ನೆಪದಲ್ಲಿ ಬಾಯಿ ಬಿಡುತ್ತಾರೆ. ಕಾಕಾ ಬನ್ನಿ ತೆಗೆದುಕೊಂಡು ರಾಮದುರ್ಗಕ್ಕೆ ಹೊರಟರು. ಜೊತೆಗೆ ನಾನೂ ಹೋದೆ.

"ಬರ್ರಿ, ಬರ್ರಿ. ಒಳಗ ಬರ್ರಿ" ಎಂದು ಮಾಮಾ ಬಾಗಿಲಲ್ಲೇ ಎದುರುಗೊಂಡರು. ಕಾಕಾ ಹಿಂದಕ್ಕೆ ತಿರುಗಿ ನೋಡಿದರು, ತಮ್ಮ ಬೆನ್ನ ಹಿಂದೆ ಯಾರಾದರೂ ದೊಡ್ಡ ಮನುಷ್ಯರು ಬಂದಿದ್ದಾರೇನೋ ಎಂದು. ಯಾರೂ ಇರಲಿಲ್ಲ.

"ಏನಲೇ ಖೋಡಿ, ಆರಾಮೇನಲೇ?" ಎಂದರು ಕಾಕಾ.

"ಆರಾಮ್ರಿ. ಕುಂದರ್ರಿ." ಮಾಮಾ ಕುರ್ಚಿಯನ್ನು ಟವಲಿನಿಂದ ಒರೆಸಿದರು.

ಬನ್ನಿ ಕೊಟ್ಟು ಅಪ್ಪಿಕೊಳ್ಳಲೆಂದು ಕಾಕಾ ಕೈ ಚಾಚಿದರು. ಮಾಮಾ ಎಲೆ ತೆಗೆದುಕೊಂಡು ಕೈಮುಗಿದರು. ಕರದಂಟು ಬಂತು, ಚಹಾ ಬಂತು. ಕೊನೆಗೆ ಕಾಕಾನೇ ತಡೆಯಲಾರದೆ ಕೇಳಿದರು: "ಸಿಟ್ಟ ಬಂದೈತೇನಲೇ? ಬೈಯೋ ಒಂದ ಸಲ."

"ಸಿಟ್ಟ ಯಾಕ್ರಿ?" ಎಂದರು ಮಾಮಾ. ಧ್ವನಿಯಲ್ಲಿ ನಿಜಕ್ಕೂ ಸಿಟ್ಟಿರಲಿಲ್ಲ. "ನಂದ ತಪ್ಪಾತ್ರಿ. ನಾ ಹಂಗ ಮಾತಾಡೋದು ನಿಮಗ ಬ್ಯಾಸರ ಆಕ್ಕಿತ್ತಂತ ಇಷ್ಟ ವರ್ಷ ನನಗ ಗೊತ್ತ ಆಗಲಿಲ್ಲ. ನೀವರ ಮೊದಲ ಒಂದ ಮಾತ ಹೇಳಬೇಕಿತ್ತು. ನಾ ಎಂದೋ ಬಿಡ್ತಿದ್ನಿ."

ಕಾಕಾ ಚಹಾದ ಕಪ್ಪನ್ನು ಕೆಳಗಿಟ್ಟರು. ಬೇಸರವಾಗುತ್ತಿರಲಿಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಎಲ್ಲರೆದುರು ಮಾಮಾನನ್ನು ಇಳಿಸಿ ಚಪ್ಪಾಳೆ ತೆಗೆದುಕೊಂಡ ಮೇಲೆ, ನಾಲ್ಕು ಗೋಡೆಯೊಳಗೆ ಅದನ್ನು ಹೇಳಿದರೆ ಯಾರು ನಂಬಿಯಾರು? ಚಹಾ ಆರಿತು. ನಾವು ಎದ್ದೆವು. ಮೊಣಕಾಲು ನೋವಿನಲ್ಲೂ ಮಾಮಾ ಸ್ಟ್ಯಾಂಡಿನವರೆಗೆ ಬಂದು, ನಮಗೆ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು, "ಹುಷಾರ ಹೋಗಿ ಬರ್ರಿ" ಎಂದರು.

ಬಸ್ಸು ಊರು ದಾಟಿತು. ಆಯುಷ್ಯವೆಲ್ಲ ನಿಂತು ಹೋದ ದಾರಿಯಲ್ಲಿ ಕಾಕಾ ಕೂತಿದ್ದರು. ಕಂಡಕ್ಟರ್ ಹುಡುಗಿ ಬಂದು ಟಿಕೆಟ್ ಕೇಳಿದ್ದೂ ಅವರಿಗೆ ಕೇಳಿಸಲಿಲ್ಲ, ನಾನೇ ತೆಗೆದುಕೊಂಡೆ. ಅವರು ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದರು: "ಬೈಲಿಲ್ಲ ನೋಡು ತಂಗಿ ಅಂವಾ. ಒಂದ ಮಾತೂ ಬೈಲಿಲ್ಲ."

ಯಾರಾದರೂ ಕಾಕಾನನ್ನು ಈಗಲೇ, ಇಲ್ಲೇ, ಬಸ್ಸಿಗೆಲ್ಲ ಕೇಳುವಂತೆ ಬೈಯಬೇಕಿತ್ತು. ನಾನೇ ಬೈದುಬಿಡಲೇ ಎನಿಸಿತು. ಮಾತು ನಾಲಿಗೆಯ ತುದಿಗೂ ಬಂತು. ಆದರೆ ನಾನು ಬೈದರೆ ಅದು ಬರೀ ಬೈಗುಳವಾಗುತ್ತಿತ್ತು. ಅವರ ಕೈ ಹಿಡಿದುಕೊಂಡು ಕೂತೆ.