ಮೂರು ಸಿಕ್ಕಾವ, ಇನ್ನೊಂದು ಸಿಗವಲ್ದು

ಎದ್ದು ಹೋಗಬೇಡಿ, ಕೈಯಲ್ಲಿರುವ ಕೆಲಸ ಹಾಗೇ ಬಿಟ್ಟು ಬಾಲರಾಜನಿಗೆ ಆದದ್ದನ್ನು ಪೂರ್ತಿ ಕೇಳಿಬಿಡಿ. ಯಾಕೆಂದರೆ ಕೊನೆಗೆ ನಿಮ್ಮನ್ನೇ ಒಂದು ಮಾತು ಕೇಳುವುದಿದೆ. ಆಗ ‘ನಡುವೆ ಸ್ವಲ್ಪ ಲಕ್ಷ್ಯ ತಪ್ಪಿತ್ತು’ ಎಂದು ಜಾರಿಕೊಳ್ಳುವ ಹಾಗಿಲ್ಲ!

ಎಲ್ಲಕ್ಕೂ ಕಾರಣ ಒಂದು ಹಳದಿ ಡಬ್ಬಿ. ಡಬ್ಬಿ ಎಂದರೆ ಕೈಯಲ್ಲಿ ಹಿಡಿಯುವ ಜಿಪಿಎಸ್. ಆಕಾಶದಲ್ಲಿ ತಿರುಗುವ ಉಪಗ್ರಹಗಳ ಗುರುತು ಹಿಡಿದು, ನಾವು ನಿಂತ ಜಾಗ ಭೂಮಿಯ ಮೇಲೆ ಎಲ್ಲಿದೆ ಎಂದು ಹೇಳುವುದು, ಅಂದರೆ ಆಫೀಸಿನವರ ಮಾತಿನಲ್ಲಿ ‘ಪಾಯಿಂಟ್’ ಕೊಡುವುದು, ಅದರ ಕೆಲಸ. ನಾಲ್ಕು ಉಪಗ್ರಹ ಸಿಕ್ಕರೆ ಬಾಯಿ ಬಿಡುತ್ತದೆ, ಮೂರೇ ಸಿಕ್ಕರೆ ಮೌನವ್ರತ. ಅದರಲ್ಲೂ ಈ ಡಬ್ಬಿ ಭೀಮರಾಯನಗುಡಿ ಕ್ಯಾಂಪಿನ ಒಂದು ಸಣ್ಣ ನೀರಾವರಿ ಆಫೀಸಿನ ಕಪಾಟಿನಲ್ಲಿ ತಿಂಗಳುಗಟ್ಟಲೆ ಮಲಗಿ ಮಲಗಿ, ಮದುವೆ ಊಟ ಮುಗಿಸಿ ಜಮಖಾನೆಯ ಮೇಲೆ ಅಡ್ಡಾದ ಬೀಗರಂತಾಗಿತ್ತು. ಎಬ್ಬಿಸಿದರೂ ಏಳದು, ಎದ್ದರೂ ಯಾರ ಗುರುತೂ ಹತ್ತದು.

ಆ ಆಫೀಸಿನಲ್ಲಿ ಬಾಲರಾಜ ಗುತ್ತಿಗೆ ನೌಕರ. ಸುರಪುರದವನು, ಹುಟ್ಟು ಪುಕ್ಕಲ. ಮಿಕ್ಸರ್ ಹಾಕಿದರೆ ಪಕ್ಕದ ಕೋಣೆಯಲ್ಲಿ ಬೆಚ್ಚಿಬೀಳುವ ಆಸಾಮಿ. ಅಂಥವನನ್ನು ಅವತ್ತು ಇಂಜಿನಿಯರ್ ನಸೀರುದ್ದೀನ ಸಾಹೇಬರು ಕರೆದು ಡಬ್ಬಿ ಕೈಗೆ ಕೊಟ್ಟರು.

“ವನದುರ್ಗದ ಕಡೀ ತೂಬಿನ ಹತ್ರ ನಿಂತು ಪಾಯಿಂಟ್ ಹಿಡ್ಕೊಂಡು ಬಾ. ಸಂಜಿ ಒಳಗ ಮ್ಯಾಲಿನವರಿಗೆ ತೋರ್ಸಬೇಕು. ನಾಕೂ ಸಿಗೋತನ ಅಳ್ಳಾಡಬ್ಯಾಡ.”

“ಮೊಬೈಲ್‌ದಾಗ ಹಿಡದ್ರ ನಡೀತದೇನ್ರಿ ಸರ್?”

“ನಡಿಯಂಗಿಲ್ಲ. ಡಬ್ಬೀದ ಪಾಯಿಂಟೇ ಬೇಕು. ಬರೇ ಕೈಲೆ ಬಂದ್ರ ನಾಳಿಂದ ನೀ ಬರೋದೇ ಬ್ಯಾಡ. ನಿನ್ನ ಜಾಗಾಕ್ಕ ಹುಡುಗ್ರು ಸಾಲುಗಟ್ಟಿ ನಿಂತಾರ.”

ಬಾಲರಾಜ ಡಬ್ಬಿಯನ್ನು ಎದೆಗವಚಿಕೊಂಡು ಹೊರಟ. ಮದುವೆಯ ಅರಿಶಿನದ ಬಣ್ಣ ಇನ್ನೂ ಅಂಗಿಯ ಕಾಲರಿನಿಂದ ಹೋಗಿರಲಿಲ್ಲ. ಹೆಂಡತಿ ಸವಿತಾ ಓಣಿಯ ತುಂಬ, ‘ನಮ್ಮನಿಯವರು ಆಕಾಶ ನೋಡಿ ಕಾಲುವಿ ಎಲ್ಲಿ ಅದ ಅಂತ ಹೇಳ್ತಾರ’ ಎಂದು ಸಾರಿಕೊಂಡು ಬಂದಿದ್ದಳು. ಕೆಲಸ ಹೋದರೆ ಆ ಓಣಿಯಲ್ಲಿ ತಲೆ ಎತ್ತಿ ನಡೆಯುವುದು ಹೇಗೆ?

ವನದುರ್ಗದ ತೂಬಿನ ಹತ್ತಿರ ಬೈಕು ನಿಲ್ಲಿಸಿ, ಕಾಲುವೆ ಏರಿಯ ಮೇಲೆ ನಿಂತು, ಡಬ್ಬಿಯನ್ನು ತಲೆಯ ಮೇಲೆ ಎತ್ತಿ ಹಿಡಿದ. ಒಂದು ಕಡೆ ಭತ್ತದ ಗದ್ದೆ, ಇನ್ನೊಂದು ಕಡೆ ಕೋಟೆಯ ಗುಡ್ಡ ಅರ್ಧ ಆಕಾಶವನ್ನೇ ಮರೆಮಾಡಿತ್ತು. ಒಂದು ಸಿಕ್ಕಿತು. ಬಹಳ ಹೊತ್ತಿಗೆ ಎರಡು. ನೆತ್ತಿ ಕಾದು ಹಂಚಾದ ಮೇಲೆ ಮೂರು. ಅಷ್ಟೇ! ಡಬ್ಬಿಯ ಪರದೆಯ ಮೇಲೆ ನಾಲ್ಕನೆಯ ಉಪಗ್ರಹದ ಗೆರೆ ಮೂಡುತ್ತದೆ, ಅಳಿಸುತ್ತದೆ, ಹೊಸ ಸೊಸೆ ಬಾಗಿಲ ಸಂದಿಯಲ್ಲಿ ಇಣುಕಿ ಒಳಗೋಡಿದಂತೆ.

ಆಗ ಫೋನು ಬಂತು. ಬಾಲರಾಜನ ಫೋನು ಒಮ್ಮೆ ನೀರಿಗೆ ಬಿದ್ದಾಗಿನಿಂದ ಕಿವಿಗೆ ಹಚ್ಚಿದರೆ ಏನೂ ಕೇಳದು. ಎಲ್ಲ ಮಾತೂ ಸ್ಪೀಕರಿನಲ್ಲೇ, ಊರಿಗೆಲ್ಲ ಕೇಳುವಂತೆ.

“ಎಷ್ಟು ಸಿಕ್ಕಾವೋ?” ಸಾಹೇಬರ ದನಿ ಗುಡ್ಡಕ್ಕೆ ಬಡಿಯಿತು.

“ಮೂರು ಸಿಕ್ಕಾವ್ರಿ ಸರ್. ಇನ್ನೊಂದು ಸಿಗವಲ್ದು.”

“ಮೂರರ ಮ್ಯಾಲ ಕೆಲ್ಸ ಆಗಂಗಿಲ್ಲ. ನಾಕನೇದು ಅಲ್ಲೇ ಎಲ್ಲ್ಯಾರ ಮಗ್ಗಲದಾಗ ಇರ್ತದ. ಗಿಡದ ಮರಿಗಿ ನಿಂದ್ರಬ್ಯಾಡ, ಸುಮ್ನ ಹಿಡಿ.”

“ಹೂನ್ರಿ ಸರ್. ಹಿಡದ ಕೂಡ್ಲೇ ಅಲ್ಲಿಗೇ ತರ್ತೀನಿ.”

ಈಗ ನೋಡಿ, ಇಲ್ಲಿಯೇ ಕೆಟ್ಟದ್ದು. ಏರಿಯ ಆ ಬದಿಗೆ, ಜಾಲಿಯ ನೆರಳಲ್ಲಿ ದೇವಕಮ್ಮ ಕೂತಿದ್ದಳು. ಅವಳಿಗೆ ಇದ್ದದ್ದು ನಾಲ್ಕು ಆಡು. ಮುಂಜಾನೆಯಿಂದ ಮೂರು ಕಾಣೆಯಾಗಿದ್ದವು. ಉಳಿದ ಒಂದನ್ನು ಹಗ್ಗ ಕಟ್ಟಿ ಮಗ್ಗುಲಲ್ಲೇ ಇಟ್ಟುಕೊಂಡು, ಹುಡುಕಿ ಸಾಕಾಗಿ ಉಸಿರು ಬಿಡುತ್ತಿದ್ದಳು. ಮಾತು ಕೇಳಿದವಳೇ ಆಡನ್ನು ತಬ್ಬಿಕೊಂಡು ಎದ್ದಳು.

“ಯಾರರ ಬರ್ರೆಪೋ! ನನ್ನ ಮೂರೂ ಆಡು ನುಂಗಿದಂವ ಇಲ್ಲಿ ನಿಂತಾನ! ನಾಕನೇದಕ್ಕೂ ಹೊಂಚು ಹಾಕ್ಯಾನ!”

ಬಾಲರಾಜ ತಿರುಗಿ ನೋಡುವಷ್ಟರಲ್ಲಿ ಗದ್ದೆಗಳಿಂದ ಜನ ಎದ್ದರು. ಮೊದಲು ಬಂದವನು ದೇವಕಮ್ಮನ ಮೈದುನ ದುರಗಪ್ಪ. ಹೆಗಲ ಮೇಲೆ ಕೊಡಲಿ, ಮೀಸೆ ಅದಕ್ಕಿಂತ ಚೂಪು. ಹಿಂದೆಯೇ ಕಿರಾಣಿ ಅಂಗಡಿಯ ಪಂಪಣ್ಣ, ತಕ್ಕಡಿ ಬಿಟ್ಟು ಓಡಿ ಬಂದವನು, ಹಣೆಯ ವಿಭೂತಿ ಬೆವರಿಗೆ ಇಳಿದಿತ್ತು. ಬಾಲರಾಜನಿಗೆ ಓಡಬೇಕೆನಿಸಿತು. ಆದರೆ ಅಳ್ಳಾಡಿದರೆ ಮೂರೂ ಹೋಗುತ್ತವಲ್ಲ! ಕೈ ಮೇಲೆತ್ತಿಕೊಂಡೇ ನಿಂತ.

“ಆ ಮೂರೂ ಎಲ್ಲ್ಯಾವ ಹೇಳ್ಲೇ,” ದುರಗಪ್ಪ ಗುಡುಗಿದ.

“ಮ್ಯಾಲ ಅವ್ರಿ ಅಣ್ಣಾ.”

ಎಲ್ಲರೂ ಕತ್ತೆತ್ತಿ ಕೋಟೆ ನೋಡಿದರು.

“ಕ್ವಾಟಿ ಮ್ಯಾಲ ಕಟ್ಟೀ ಏನು?”

“ಕ್ವಾಟಿ ಅಲ್ರಿ. ಅದಕ್ಕೂ ಮ್ಯಾಲ. ಭಾಳ ಮ್ಯಾಲ.”

ದೇವಕಮ್ಮ ಎದೆ ಬಡಿದುಕೊಂಡಳು. “ಯವ್ವಾ! ಕೊಯ್ದೇಬಿಟ್ಟಾನ! ಸ್ವರ್ಗಕ್ಕ ಕಳಿಸೀನಿ ಅಂತಾನ!”

“ಅಲ್ಲವ್ವಾ, ಜೀವ ಇರೂವಲ್ಲ ಅವು. ಅಮೇರಿಕಾದವು. ಯಾವಾಗ್ಲೂ ತಿರಗತಿರ್ತಾವ…”

“ಮುಂಜಾನಿ ಹೋಗಿದ್ದು ಇಷ್ಟರಾಗ ಅಮೇರಿಕಾಕ ಮುಟ್ಟಿಸಿದ್ಯಾ, ಕಳ್ಳ ಮಗನೆ!” ದುರಗಪ್ಪ ಹಲ್ಲು ಕಡಿದ.

“ಉಪಗ್ರಹ ರೀ! ನಾ ಉಪಗ್ರಹ ಹಿಡ್ಯಾಕತ್ತೇನಿ!”

ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು. ಪಂಪಣ್ಣ ದುರಗಪ್ಪನ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ ಅಂದ: “ಗ್ರಹ ಹಿಡಿತಾನಂತ. ನೋಡಿದ್ರ ಗ್ರಹಾನ ಇವನ್ನ ಹಿಡದಂಗ ಅದ. ಕೈ ಇಳಿಸವಲ್ಲ ನೋಡು.”

“ಹಿಡೀಲಿ ಬಿಡ್ಲಿ, ಗುಡಿ ಕಟ್ಟಿಗಿ ಎಳಕೊಂಡು ನಡೀರಿ,” ಅಂದ ದುರಗಪ್ಪ.

ಊರ ಹನುಮಪ್ಪನ ಗುಡಿಯ ಕಟ್ಟೆ ಎಂದರೆ ಮೇಲೆ ದೊಡ್ಡ ಬೇವಿನ ಮರ. ಬಿಸಿಲಿನ ಒಂದು ಹನಿಯೂ ಸೋರದ ನೆರಳು. ಅಲ್ಲಿ ಕೂಡಿಸಿದ್ದೇ ತಡ, ಡಬ್ಬಿಯ ಗೆರೆಗಳು ಒಂದೊಂದಾಗಿ ಆರಿದವು. ಮೂರು. ಎರಡು. ಒಂದು. ಸೊನ್ನೆ! ಹೋದ ಕೆಲಸ, ಸವಿತಾಳ ಮುಖ, ಸುರಪುರದ ಓಣಿ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು ಬಾಲರಾಜ ಚೀರಿಯೇಬಿಟ್ಟ.

“ಹೋದವು! ಮೂರೂ ಹೋದವು! ನಿಮ್ಮ ಸಲುವಾಗೇ ಹೋದವು!”

“ಒಪ್ಪಿಕೊಂಡ!” ದುರಗಪ್ಪ ಕೊಡಲಿ ಕಟ್ಟೆಗೆ ಊರಿದ. “ಹಗ್ಗ ತರ್ರಿ. ಮದ್ಲ ಗಿಡಕ್ಕ ಕಟ್ಟೂನು, ಆಮ್ಯಾಲ ಮಾತು.”

ಹಗ್ಗವೂ ಬಂತು, ಎತ್ತು ಕಟ್ಟುವ ದಪ್ಪ ಹಗ್ಗ. ಅದನ್ನು ನೋಡಿ ಬಾಲರಾಜ ಪಂಪಣ್ಣನ ಕಾಲಿಗೇ ಬಿದ್ದ.

“ಸಾವಕಾರ್ರಿ, ನಾ ಕ್ಯಾಂಪಿನ ಆಫೀಸಿನಂವ. ಖರೇನ ಈ ಡಬ್ಬೀಲೆ ಹಿಡೀತಾರ್ರಿ. ಬಯಲಾಗ ನಿಂದ್ರಿಸ್ರಿ, ನಿಮ್ಮ ಕಣ್ಣ ಮುಂದ ನಾಕೂ ಹಿಡದು ತೋರಿಸ್ತೀನಿ!”

ಪಂಪಣ್ಣನಿಗೆ ಕಾಲಿಗೆ ಬಿದ್ದವರನ್ನು ಕಂಡರೆ ನ್ಯಾಯ ಹೇಳುವ ಹುಕಿ. ಗಂಟಲು ಸರಿಮಾಡಿಕೊಂಡ.

“ಆತು. ಕಣದಾಗ ನಿಂದ್ರಸ್ರಿ. ನಾಕೂ ಬಂದ್ರ ಬಿಡೂನು. ಬರಲಿಲ್ಲಂದ್ರ ದುರಗಪ್ಪ ಅದಾನ, ಹಗ್ಗ ಅದ.”

ಕಣದ ನಟ್ಟನಡುವೆ ಬಾಲರಾಜ ಕೈ ಎತ್ತಿ ನಿಂತ. ಸುತ್ತ ಊರಿಗೆ ಊರೇ. ಡಬ್ಬಿಯಲ್ಲಿ ಏನು ಬರುತ್ತದೆ ಎಂದು ನೋಡಲು ಎಲ್ಲರೂ ಅವನ ಮೇಲೆಯೇ ಬಾಗಿದರು.

“ತಲಿ ಅಡ್ಡ ಬರ್ತಾವ್ರಿ. ದಯಮಾಡಿ ಕುಂದರ್ರಿ.”

“ಆಡು ಕದ್ದಿದ್ದಲ್ದ ನಮಗ ಕುಂದ್ರು ಅಂತ ಹುಕುಂ ಬ್ಯಾರೆ,” ಎಂದು ಗೊಣಗುತ್ತ ಊರೇ ಕುಕ್ಕರಗಾಲಲ್ಲಿ ಕೂತಿತು. ಯಾರೋ ಕೆಮ್ಮಿದರೆ ಹತ್ತು ಜನ ‘ಶ್!’ ಎಂದರು. ಬಾಲರಾಜನ ಕೈ ಜೋಮು ಹಿಡಿಯಿತು. ಬೆವರು ಕಣ್ಣಿಗಿಳಿದು ಉರಿಯಿತು. ತನಗೆ ಗೊತ್ತಿದ್ದ ದೇವರನ್ನೆಲ್ಲ ನೆನೆದ, ಗೊತ್ತಿಲ್ಲದವರಿಗೂ ಒಂದು ಕಾಯಿ ಹೇಳಿಕೊಂಡ. ದುರಗಪ್ಪ ಹಗ್ಗಕ್ಕೆ ಕುಣಿಕೆ ಹಾಕುತ್ತಿದ್ದುದು ಕಣ್ಣಂಚಿನಲ್ಲಿ ಕಾಣುತ್ತಿತ್ತು.

ಒಂದು ಗೆರೆ ಮೂಡಿತು. ಎರಡನೆಯದು.

“ಎರಡು ಬಂದ್ವು,” ಅಂದ ಬಾಲರಾಜ. ದನಿ ಅವನದೇ ಅನ್ನಿಸಲಿಲ್ಲ.

“ಎಲ್ಲ್ಯಾವ? ನಮಗ್ಯಾಕ ಕಾಣವಲ್ವು?” ದೇವಕಮ್ಮ ಆಕಾಶವೆಲ್ಲ ಹುಡುಕಿದಳು.

“ಮೂರು ಬಂದ್ವು…”

ಡಬ್ಬಿ ‘ಟುಂಯ್’ ಎಂದಿತು.

“ನಾಕು! ನಾಕೂ ಬಂದ್ವು!”

ಅದೇ ಹೊತ್ತಿಗೆ ಗುಡ್ಡದ ದಾರಿಯಿಂದ ‘ಮೇಂ’ ಎಂದು ಕೇಳಿತು. ಎಲ್ಲರೂ ತಿರುಗಿದರು. ದೇವಕಮ್ಮನ ಮೂರು ಆಡುಗಳು ಹೊಟ್ಟೆ ತುಂಬಿಸಿಕೊಂಡು, ತವರಿನಿಂದ ಬಂದ ಹೆಣ್ಣುಮಕ್ಕಳ ಹಾಗೆ ಸಾವಕಾಶವಾಗಿ ಇಳಿದು ಬರುತ್ತಿದ್ದವು. ಅವುಗಳ ಹಿಂದೆ ಗಂಟೆ ಕಟ್ಟಿದ, ಗಡ್ಡ ಬಿಟ್ಟ, ಯಾರೂ ಕಂಡರಿಯದ ಒಂದು ಕೆಂದು ಹೋತ!

“ಮೂರು…” ಪಂಪಣ್ಣ ಬೆರಳು ಮಡಚಿದ. “ಹೋತ ಹಿಡದು ನಾಕು!”

ದುರಗಪ್ಪನ ಕೈಯಿಂದ ಹಗ್ಗ ಜಾರಿತು. ಈಗ ಅಂಜುವ ಸರದಿ ಊರಿನವರದು. ದೇವಕಮ್ಮ ತನ್ನ ಆಡುಗಳನ್ನು ತಬ್ಬಿ ಮುದ್ದಾಡಿದಳಾದರೂ ಹೋತದ ಹತ್ತಿರ ಹೋಗಲಿಲ್ಲ.

“ಯಪ್ಪಾ, ನನ್ನ ಮೂರು ನನಗ ಬಂದ್ವು, ನಿನ್ನ ಡಬ್ಬಿ ಹೊಟ್ಟಿ ತಣ್ಣಗಿರ್ಲಿ. ನಾಕನೇದು ನೀ ಕರಸಿದ್ದು. ನೀನ ಒಯ್ಯಿ.”

“ಅದು ನಂದಲ್ಲವ್ವಾ! ಯಾರದೋ ಹೋತ ಅದು, ನಿನ್ನ ಆಡಿನ ಬೆನ್ನ ಹತ್ತಿ ಬಂದದ!”

“ಗ್ರಹದ ಆಡು ಊರಾಗ ಇರಬಾರ್ದು,” ಪಂಪಣ್ಣ ನ್ಯಾಯ ಮುಗಿಸಿದ. “ಫೋನಿನ್ಯಾಗೂ ನಿಮ್ಮ ಸಾಹೇಬಗ ಅದನ್ನ ತರ್ತೀನಿ ಅಂದೀ ಅಂತಲ್ಲ. ಒಯ್ಯಂಗಿಲ್ಲ ಅಂದ್ರ ಹೇಳು, ಮತ್ತ ಕೂತು ಮಾತಾಡೂನು.”

ಮತ್ತೆ ಕೂರುವ ಧೈರ್ಯ ಬಾಲರಾಜನಿಗಿರಲಿಲ್ಲ. ಅದೇ ಎತ್ತಿನ ಹಗ್ಗದಿಂದ ದುರಗಪ್ಪ ಹೋತವನ್ನು ಬೈಕಿನ ಹಿಂದೆ ಬಿಗಿದು, ಬಿಚ್ಚಲು ತನಗೇ ಬಾರದಂಥ ಗಂಟು ಹಾಕಿದ. ಬಾಲರಾಜ ಮೊದಲು ತೂಬಿಗೆ ಹೋದ. ಒಮ್ಮೆ ಎದ್ದ ಡಬ್ಬಿ ಈಗ ಚುರುಕಾಗಿತ್ತು. ಕೈ ಎತ್ತುವುದರೊಳಗೆ ‘ಟುಂಯ್’! ಪಾಯಿಂಟು ಒಳಗೆ ಕೂತಿತು. ಇಷ್ಟೆಲ್ಲ ಒದ್ದಾಡಿದ ಕೆಲಸ ಒಂದು ಆಕಳಿಕೆಯಷ್ಟರಲ್ಲಿ ಮುಗಿದಿತ್ತು. ಅವನಿಗೆ ಅಳು, ನಗು ಎರಡೂ ಬಂದವು. ಊರು ಮರೆಯಾದ ಮೇಲೆ ಹೋತವನ್ನು ಇಳಿಸಿ ಬಿಟ್ಟರಾಯಿತು, ಸಂಜೆಯೊಳಗೆ ಆಫೀಸು, ಸವಿತಾಗೆ ಶಹಾಪುರದಿಂದ ಒಂದು ಮೊಳ ಮಲ್ಲಿಗೆ ಎಂದು ಲೆಕ್ಕ ಹಾಕುತ್ತ ಬೈಕು ಓಡಿಸಿದ.

ತಿರುವು ದಾಟಿ ಗಂಟು ಬಿಚ್ಚಲು ನಿಂತ. ಬಿಚ್ಚಲಾಗಲಿಲ್ಲ. ಹಲ್ಲು ಹಚ್ಚಿ ಎಳೆಯುತ್ತಿದ್ದಾಗ ಬೆನ್ನ ಮೇಲೆ ಒಂದು ನೆರಳು ಬಿತ್ತು.

ನೆರಳಿನ ಒಡೆಯ ಪಕ್ಕದ ಊರಿನ ಮರಿಲಿಂಗ. ಬಾಗಿಲ ಚೌಕಟ್ಟಿನಷ್ಟು ಅಗಲ, ಕೈಯಲ್ಲಿ ಎಣ್ಣೆ ಕುಡಿದ ಬಡಿಗೆ. ಅವನನ್ನು ನೋಡಿದ್ದೇ ಹೋತ ‘ಮೇಂ’ ಎಂದು ಬಾಲ ಅಲ್ಲಾಡಿಸಿತು.

“ನನ್ನ ಹೋತಕ್ಕ ಭಾರಿ ಮರ್ಯಾದಿ ಮಾಡೀ ತಮ್ಮಾ,” ಮರಿಲಿಂಗ ಮೆತ್ತಗೆ ಅಂದ. ಆ ಮೆತ್ತಗಿನ ದನಿಗೇ ಬಾಲರಾಜನ ಜೀವ ಅರ್ಧ ಹೋಯಿತು. “ಗಾಡಿ ಮ್ಯಾಲ ಕುಂದ್ರಿಸಿ ಎಲ್ಲಿಗಿ ಹೊಂಟೀ?”

“ಅದು… ಉಪ… ಗ್ರಹ…”

ಅಷ್ಟರಲ್ಲಿ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಮರಿಲಿಂಗ ತಾನೇ ಅದನ್ನು ಎಳೆದು, ಹಸಿರು ಗುಂಡಿ ಒತ್ತಿ, ಬಾಲರಾಜನ ಬಾಯಿಯ ಹತ್ತಿರ ಹಿಡಿದ. ಇನ್ನೊಂದು ಕೈಯಲ್ಲಿ ಬಡಿಗೆ ಎತ್ತಿಯೇ ಇತ್ತು. ಸ್ಪೀಕರು ಅಬ್ಬರಿಸಿತು.

“ಏ ಬಾಲರಾಜ! ಮ್ಯಾಲಿನವರು ಬಂದು ಎದುರಿಗೇ ಕುಂತಾರ. ಬ್ಯಾರೆ ಕತಿ ಬ್ಯಾಡ, ಒಂದೇ ಮಾತು ಹೇಳು. ನಾಕನೇದು ಸಿಕ್ತೋ ಇಲ್ಲೋ? ಹೂಂ ಅಂದ್ರ ಜಲ್ದಿ ತಗೊಂಡು ಬಾ. ಇಲ್ಲಂದ್ರ ನಾಳಿಂದ ನಿನ್ನ ಮಾರಿ ತೋರ್ಸಬ್ಯಾಡ!”

ಮರಿಲಿಂಗನ ಹುಬ್ಬು ಮೇಲೇರಿತು. “ಹೇಳಪಾ, ಹೇಳು. ನಾನೂ ಕೇಳ್ತೀನಿ.”

ಹೂಂ ಅಂದರೆ ಬಡಿಗೆಯ ಏಟು, ಇಲ್ಲ ಅಂದರೆ ಕೆಲಸಕ್ಕೆ ಕುತ್ತು. ಬಾಲರಾಜ ಬಾಯಿ ತೆರೆದ. ಈಗ ಹೇಳಿ, ಅವನ ಜಾಗದಲ್ಲಿ ನೀವಿದ್ದಿದ್ದರೆ ಏನನ್ನುತ್ತಿದ್ದಿರಿ?