ಪಿಳ್ಳಪ್ಪನ ಮೂಗು ಮತ್ತು ಒಂಬತ್ತನೇ ಗ್ಲಾಸು

ಎಲ್ಲಕ್ಕೂ ಕಾರಣ ಒಂದು ನೆಗಡಿ. ಆ ನೆಗಡಿಯಾದರೂ ಪಿಳ್ಳಪ್ಪನದಲ್ಲ. ಅವನು ಜನ್ಮದಲ್ಲಿ ಕಂಡಿರದ, ದೆಹಲಿಯಲ್ಲಿದ್ದ ಯಾರೋ ದೊಡ್ಡ ಮನುಷ್ಯನದು.

ಪಿಳ್ಳಪ್ಪ ಗೌಡನಕುಂಟೆ ಡೈರಿಯಲ್ಲಿ ಹಾಲಿನ ಟೆಸ್ಟರ್. ಡೈರಿಯ ಮೆಷಿನ್ನು ಕೆಟ್ಟು ಮೂಲೆ ಸೇರಿ ಮೂರು ವರ್ಷವಾಗಿತ್ತು. ಅಂದಿನಿಂದ ಅವನ ಮೂಗೇ ಮೆಷಿನ್ನು. ಕ್ಯಾನಿನ ಮುಚ್ಚಳ ತೆಗೆದು ಒಂದು ಸಲ ಉಸಿರೆಳೆದರೆ ಸಾಕು, ಹಸು ಯಾರದು, ನಿನ್ನೆ ಏನು ಮೇದಿತ್ತು, ಹಾಲಿಗೆ ಬಿದ್ದ ನೀರು ಬೋರ್‌ವೆಲ್ಲಿನದೋ ಟ್ಯಾಂಕಿನದೋ ಎಲ್ಲ ಹೇಳಿಬಿಡುತ್ತಿದ್ದ. ಹೇಳುವುದೇನೋ ಸರಿ, ಮೆಲ್ಲಗೆ ಹೇಳಬಾರದೆ? ಸಾಲಿನಲ್ಲಿ ನಿಂತ ಅಷ್ಟೂ ಹೆಂಗಸರಿಗೆ ಕೇಳುವಂತೆ, ದೇವಸ್ಥಾನದ ಮೈಕಿನ ಹಾಗೆ ಸಾರುತ್ತಿದ್ದ.

ಅವತ್ತು ಡಿಸೆಂಬರಿನ ಚಳಿಯಲ್ಲೂ ಬೆಳಗ್ಗೆ ಆರಕ್ಕೇ ಶುರುವಾಗಿತ್ತು.

"ದ್ಯಾವಕ್ಕ, ನಿನ್ನ ಹಸು ಹಾಲು ಕೊಟ್ಟೈತೆ, ನಿನ್ನ ನಲ್ಲಿ ನೀರು ಕೊಟ್ಟೈತೆ. ಎರಡನ್ನೂ ಬೇರೆ ಬೇರೆ ಕ್ಯಾನಲ್ಲಿ ತಗೊಂಬಾ."

"ನಿನ್ನ ಮೂಗಿಗೆ ಬೆಂಕಿ ಬೀಳ! ಹಸು ನೀರು ಕುಡಿಯಲ್ವೇನ್ಲಾ?" ಎಂದು ದ್ಯಾವಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅರವತ್ತು ದಾಟಿದ ಈಕೆ ಊರಿನ ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ.

"ಕುಡಿಯುತ್ತೆ. ಆದ್ರೆ ಬ್ಲೀಚಿಂಗ್ ಪೌಡರ್ ಹಾಕ್ಕೊಂಡು ಕುಡಿಯಲ್ಲ."

ಸಾಲಿನಲ್ಲಿ ನಗು. ದ್ಯಾವಮ್ಮ ಸೆಕ್ರೆಟರಿ ಕೊಂಡಪ್ಪನ ಕಡೆ ತಿರುಗಿದಳು. "ಏನಪ್ಪಾ ಸೆಕ್ರೆಟ್ರಿ, ಮೆಷಿನ್ ತರಿಸ್ತೀಯೋ, ಇಲ್ಲ ನಾವೆಲ್ಲಾ ಪಕ್ಕದೂರು ಡೈರಿಗೆ ಹಾಲು ಹಾಕಾನೋ? ಮೆಷಿನ್ ಆದ್ರೆ ನಂಬರ್ ತೋರಿಸಿ ಸುಮ್ಕಿರ್ತದೆ. ಇವನ ಹಂಗೆ ಮಾನ ಹರಾಜು ಹಾಕಲ್ಲ."

ಕೊಂಡಪ್ಪ ಪಿಳ್ಳಪ್ಪನ ಕಡೆ ಬಗ್ಗಿ ಹೇಳಿದ: "ಹೆಂಗಸ್ರು ಹಟ ಹಿಡಿದವ್ರೆ ಕಣೋ. ನಾನಿನ್ನು ತಡೆಯಕ್ಕಾಗಲ್ಲ."

"ಮೆಷಿನ್ ಬಂದ್ರೆ ನಾನೇನು ಮಾಡ್ಲಿ?"

"ನೀನಾ? ಅದರ ಮೇಲಿನ ಧೂಳು ಒರೆಸ್ತೀಯ."

ಪಿಳ್ಳಪ್ಪ ಕೂತಿದ್ದ ಸ್ಟೂಲನ್ನು ಎರಡೂ ಕೈಯಿಂದ ಹಿಡಿದುಕೊಂಡ. ಅಪ್ಪ ಬಿಟ್ಟುಹೋದ ಜಮೀನಿನ ಮೇಲೆ ರಸ್ತೆ ಹಾದುಹೋಗಿತ್ತು. ಓದು ಏಳನೇ ಕ್ಲಾಸಿಗೇ ಮುಗಿದಿತ್ತು. ದೇವರು ಅವನಿಗೆಂದು ಕೊಟ್ಟದ್ದು ಇದೊಂದೇ ಮೂಗು, ಆ ಮೂಗಿಗೆಂದು ಊರು ಕೊಟ್ಟದ್ದು ಈ ಒಂದೇ ಸ್ಟೂಲು.

ಅಷ್ಟರಲ್ಲಿ ಏರ್‌ಪೋರ್ಟ್ ಹತ್ತಿರದ ಹೋಟೆಲಿನ ಮ್ಯಾನೇಜರ್ ಮನೋಹರ್ ತುಪ್ಪ ಕೊಳ್ಳಲು ಬಂದ. ಫೋನಿನಲ್ಲಿ ಯಾರಿಗೋ ಗೋಗರೆಯುತ್ತಿದ್ದ. "ದೆಹಲಿ ಜಡ್ಜಿಗೆ ನೆಗಡಿಯಾದ್ರೆ ನಾವೇನ್ ಮಾಡೋದು ಸರ್? ಇವತ್ತೇ ಪ್ರೋಗ್ರಾಮು. ಮೂಗು ಕಟ್ಟಿದ ಜಡ್ಜನ್ನ ಇಟ್ಕೊಂಡು ವೈನ್ ಟೇಸ್ಟಿಂಗ್ ಮಾಡೋಕಾಗುತ್ತಾ?"

ಫೋನು ಇಡುತ್ತಲೇ ಪಿಳ್ಳಪ್ಪ ಹೇಳಿದ: "ಸಾರ್, ಬೆಳಗ್ಗೆ ಇಡ್ಲಿ ವಡೆ ತಿಂದು ಬಂದಿದೀರ. ಇಡ್ಲಿ ಇವತ್ತಿಂದು. ವಡೆ ನಿನ್ನೇದು. ಒಸಿ ಹುಷಾರು."

ಮನೋಹರ್ ಹೊಟ್ಟೆ ಹಿಡಿದುಕೊಂಡು ಅವನನ್ನೇ ನೋಡಿದ. ಆಮೇಲೆ ಮುಖ ಟ್ಯೂಬ್‌ಲೈಟಿನಂತೆ ಎರಡು ಸಲ ಮಿನುಗಿ ಹೊತ್ತಿಕೊಂಡಿತು. "ಸರ್, ನೀವು ಇವತ್ತು ಮಧ್ಯಾಹ್ನ ಫ್ರೀ ಇದೀರಾ?"

ಹೋಟೆಲಿನಲ್ಲಿ ಅವತ್ತು ಹೊಸ ವರ್ಷದ ಸ್ಪರ್ಧೆ. ಸುತ್ತಮುತ್ತಲ ಊರಿನವರು ಮಾಡಿದ ವೈನು, ಬಿಯರು, ಹಬ್ಬದ ಪಾನೀಯಗಳು. ಪರ್ಮಿಟ್ಟು ಗಿರ್ಮಿಟ್ಟು ಎಲ್ಲ ಆಗಿದೆ ಎಂದ ಮನೋಹರ್. ಚಕ್ಕೋತದ ವೈನಿದೆ, ನೇರಳೆಹಣ್ಣಿನದಿದೆ, ರಾಗಿ ಬಿಯರಿದೆ.

"ರಾಗೀಲಿ ಬಿಯರಾ?" ಪಿಳ್ಳಪ್ಪ ಹೌಹಾರಿದ. "ಮುದ್ದೆ ಏನ್ ಪಾಪ ಮಾಡಿತ್ತು ಸಾರ್? ನಾನು ಜನ್ಮದಲ್ಲಿ ಒಂದು ತೊಟ್ಟು ಕುಡ್ದೋನಲ್ಲ."

"ಕುಡಿಯೋದು ಬೇಡ ಸರ್, ಮೂಸಿದ್ರೆ ಸಾಕು. ಸರ್ಟಿಫಿಕೇಟ್ ಕೊಡ್ತೀವಿ, ಫೋಟೋ ಹಾಕಿಸ್ತೀವಿ. ಗೆದ್ದ ಸಂಘಕ್ಕೆ ಅವರ ಊರಿಗೆ ಏನು ಸಲಕರಣೆ ಬೇಕೋ ಅದನ್ನೇ ಹೋಟೆಲಿಂದ ಕೊಡಿಸ್ತೀವಿ."

"ಕೊಡ್ಸಿ ಕೊಡ್ಸಿ. ಪುಣ್ಯದ ಕೆಲಸ."

ಕೊಂಡಪ್ಪ ಅವನ ಬೆನ್ನು ತಟ್ಟಿದ. "ಹೋಗಿ ಬಾರೋ. ಫೈವ್‌ಸ್ಟಾರ್ ಹೋಟೆಲಿನ ಸರ್ಟಿಫಿಕೇಟು ಡೈರಿ ಗೋಡೆ ಮೇಲೆ ನೇತಾಡಿದ್ರೆ ಆಮೇಲೆ ಮೆಷಿನ್ ಮಾತು ಯಾರು ಎತ್ತಾರೆ? ತಡಿ, ನಾನೂ ಬರ್ತೀನಿ."

ಪಿಳ್ಳಪ್ಪ ಮನೆಗೆ ಬಂದಾಗ ಮನೆ ತುಂಬ ಸಾಂಬ್ರಾಣಿ ಹೊಗೆ. ನಾಲ್ಕು ತಿಂಗಳಿಂದ ಹೆಂಡತಿ ಮುನಿರತ್ನಮ್ಮನಿಗೆ ಭಕ್ತಿ ಉಕ್ಕಿ ಹರಿಯುತ್ತಿತ್ತು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ಮನೆಗೂ ಕೊಟ್ಟಿಗೆಗೂ ಸಾಂಬ್ರಾಣಿ. ಇಂಥ ಹೆಂಡತಿ ಸಿಗಲು ಪುಣ್ಯ ಮಾಡಿರಬೇಕು ಎಂದು ಪಿಳ್ಳಪ್ಪ ಡೈರಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದ. ಭಕ್ತಿಯ ಜೊತೆಗೆ ದುಡಿಮೆ ಬೇರೆ. ಸಂಘದವರ ಜೊತೆ ತರಬೇತಿಗೆ ಹೋಗಿ ಬಂದು ಕೊಟ್ಟಿಗೆಯ ಮೂಲೆಯಲ್ಲಿ ಸಾಲಾಗಿ ಉಪ್ಪಿನಕಾಯಿ ಜಾಡಿ ಇಟ್ಟಿದ್ದಳು. ಬಾಯಿಗೆ ಬಟ್ಟೆ ಕಟ್ಟಿದ ಆ ಜಾಡಿಗಳ ಹತ್ತಿರ ಪಿಳ್ಳಪ್ಪ ಸುಳಿಯುವಂತಿರಲಿಲ್ಲ. "ಗಂಡಸರ ಉಸಿರು ತಾಗಿದ್ರೆ ಉಪ್ಪಿನಕಾಯಿ ಬೂಷ್ಟು ಹಿಡೀತದೆ, ನಮ್ಮವ್ವ ಹೇಳ್ತಿದ್ಲು" ಎಂದು ಅವಳು ಎಚ್ಚರಿಸಿದ್ದಳು. ಮಡಿಯ ವಿಷಯ. ಪಿಳ್ಳಪ್ಪ ಆ ಮೂಲೆಗೆ ಬಂದಾಗಲೆಲ್ಲ ಮೂಗು ಹಿಡಿದುಕೊಂಡೇ ಹಸುವಿಗೆ ಹುಲ್ಲು ಹಾಕುತ್ತಿದ್ದ.

"ರತ್ನಾ, ಇಸ್ತ್ರಿ ಮಾಡಿದ ಶರ್ಟು ಕೊಡೇ. ನಾನಿವತ್ತು ಜಡ್ಜು!"

ಸಂಗತಿ ಕೇಳಿ ಮುನಿರತ್ನಮ್ಮನ ಕೈಯಲ್ಲಿದ್ದ ಚೊಂಬು ಕೆಳಗೆ ಬಿತ್ತು. "ಯಾವ ಹೋಟ್ಲು? ಏರ್‌ಪೋರ್ಟ್ ಹತ್ರದ್ದಾ? ರೀ, ಕುಡಿಯೋರ ಜಾಗ ಅದು. ಬ್ಯಾಡ."

"ಮೂಸೋಕ್ಕೆ ಹೋಗ್ತಿರೋದು ಕಣೇ, ಕುಡಿಯೋಕ್ಕಲ್ಲ. ನನ್ನ ಮೂಗಿನ ಮರ್ಯಾದೆ ಪ್ರಶ್ನೆ."

ಅವಳು ಒಳಗೆ ಹೋಗಿ ಹಿಡಿ ತುಂಬ ಒಣಮೆಣಸಿನಕಾಯಿ ತಂದಳು. "ಹಂಗಾದ್ರೆ ದೃಷ್ಟಿ ತೆಗೀತೀನಿ, ಕೂತ್ಕಳಿ. ಊರ ಕಣ್ಣೆಲ್ಲ ನಿಮ್ಮ ಮೂಗಿನ ಮ್ಯಾಲೇ ಐತೆ."

ನಿವಾಳಿಸಿ ಕೆಂಡಕ್ಕೆ ಹಾಕಿದಳು. ಕೆಂಡದ ಬಾಣಲೆಯನ್ನು ಸರಿಯಾಗಿ ಅವನ ಮೂಗಿನ ಕೆಳಗೆ ಹಿಡಿದಳು. ಪಿಳ್ಳಪ್ಪ ಕೆಮ್ಮಿ, ಸೀನಿ, ಕಣ್ಣೀರು ಸುರಿಸಿದ. "ಘಾಟು ಬಂತು ಕಣೇ! ಘಾಟು ಬಂದ್ರೆ ದೃಷ್ಟಿ ಇಲ್ಲ ಅಂತ ಅಲ್ವಾ?"

"ಒಂದೇ ಸಲಕ್ಕೆ ಹೇಳಕ್ಕಾಗಲ್ಲ" ಎಂದು ಅವಳು ಮತ್ತೊಂದು ಹಿಡಿ ಹಾಕಿದಳು.

ಮೂರು ಸಲ ಆದಮೇಲೆ ಪಿಳ್ಳಪ್ಪನ ಮೂಗು ದಾಳಿಂಬೆಯಾಗಿತ್ತು. ತನ್ನ ಮಂಡಿನೋವಿಗೆ ದಿನವೂ ಹಚ್ಚಿಕೊಳ್ಳುವ ಬೇವಿನೆಣ್ಣೆಯ ವಾಸನೆ ಕೂಡ ಅವನಿಗೆ ತಿಳಿಯಲಿಲ್ಲ. "ನಾವೂ ಇವತ್ತು ದೇವನಹಳ್ಳಿ ಕಡೆ ಉಪ್ಪಿನಕಾಯಿ ಮೇಳಕ್ಕೆ ಹೋಗ್ತಿದೀವಿ, ಬರೋದು ತಡ ಆಯ್ತದೆ" ಎಂದು ಅವಳು ಬಾಗಿಲಲ್ಲಿ ನಿಂತು ಕಳಿಸಿಕೊಟ್ಟಳು.

ಹೋಟೆಲಿನ ಸಭಾಂಗಣ ಕಲ್ಯಾಣಮಂಟಪಕ್ಕಿಂತ ದೊಡ್ಡದಿತ್ತು. ವೇದಿಕೆಯ ಮೇಲೆ ಬಿಳಿ ಬಟ್ಟೆ ಹಾಸಿದ ಮೇಜು. ಅದರ ಮೇಲೆ ಒಂಬತ್ತು ಗ್ಲಾಸು. ಹೆಸರಿಲ್ಲ, ಬರೀ ನಂಬರು. ಮಾಡಿದವರೆಲ್ಲ ಪರದೆಯ ಹಿಂದೆ ಕೂತಿದ್ದರು. ಪಿಳ್ಳಪ್ಪನ ಪಕ್ಕದಲ್ಲಿ ಇನ್ನೊಬ್ಬ ಜಡ್ಜು, ಬೆಂಗಳೂರಿನ ಸಂಘಮಿತ್ರ ಮೇಡಂ. ಮೊದಲ ಸಾಲಿನಲ್ಲಿ ಯಾರೂ ಕರೆಯದೆ ಬಂದ ಕೊಂಡಪ್ಪ, ಕೈಯಲ್ಲಿ ಗೋಡಂಬಿ ತಟ್ಟೆ.

ಪಿಳ್ಳಪ್ಪ ಮೊದಲ ಗ್ಲಾಸು ಮೂಸಿದ. ಏನೂ ಇಲ್ಲ. ಇನ್ನೊಮ್ಮೆ ಎಳೆದ. ಮೆಣಸಿನಕಾಯಿ. ಎರಡನೆಯದೂ ಮೆಣಸಿನಕಾಯಿ. ಗೋಡೆಯ ಸರ್ಟಿಫಿಕೇಟು, ಡೈರಿಯ ಸ್ಟೂಲು ಎರಡೂ ಕಣ್ಣೆದುರೇ ಜಾರತೊಡಗಿದವು.

"ಹೇಗಿದೆ ಸರ್?" ಮೈಕು ಹಿಡಿದು ಕೇಳಿದ ಮನೋಹರ್.

"ಸ್ವಲ್ಪ... ಖಾರ."

ಸಭೆ ಮುಖ ಮುಖ ನೋಡಿಕೊಂಡಿತು. ಸಂಘಮಿತ್ರ ಮೇಡಂ ಮೆಲ್ಲಗೆ ಹೇಳಿದರು: "ಒಂದು ಗುಟುಕು ಬಾಯಿಗೆ ಹಾಕ್ಕೊಂಡು ನೋಡಿ ಸರ್. ನುಂಗಬೇಡಿ, ಈ ಡಬ್ಬದಲ್ಲಿ ಉಗುಳಿಬಿಡಿ. ನಾವೆಲ್ಲ ಹಾಗೇ ಮಾಡೋದು."

"ಉಗುಳೋದಾ?" ಪಿಳ್ಳಪ್ಪನ ಹುಬ್ಬು ಮೇಲೇರಿತು. "ಬಾಯಿಗೆ ಹಾಕ್ಕೊಂಡಿದ್ದನ್ನ ಉಗುಳಬಾರದು ಮೇಡಂ. ರೈತ ಬೆಳೆದಿದ್ದು. ನಮ್ಮವ್ವ ಇದ್ದಿದ್ರೆ ಬೆನ್ನು ಮುರೀತಿದ್ಲು."

ಜನ್ಮದಲ್ಲಿ ಕುಡಿಯದ ಪಿಳ್ಳಪ್ಪ ಹೀಗೆ ಅನ್ನದ ಮೇಲಿನ ಗೌರವಕ್ಕಾಗಿ ಒಂದರ ಹಿಂದೆ ಒಂದು ಗ್ಲಾಸು ಖಾಲಿ ಮಾಡಿದ. ನಾಲ್ಕನೆಯದು ಶುಂಠಿ ಹಾಕಿದ ವೈನು. ಅದು ಗಂಟಲಲ್ಲಿ ಇಳಿಯಲಿಲ್ಲ, ಮೇಲಕ್ಕೆ ಏರಿತು. ಮಳೆಗಾಲದಲ್ಲಿ ಕಟ್ಟಿಕೊಂಡ ಚರಂಡಿಗೆ ಯಾರೋ ಕೋಲು ಹಾಕಿ ತಿವಿದಂತೆ ಮೂಗು ಭರ್ರೆಂದು ತೆರೆದುಕೊಂಡಿತು.

ಆಮೇಲೆ ಪಿಳ್ಳಪ್ಪನನ್ನು ಹಿಡಿಯುವವರಿರಲಿಲ್ಲ.

"ಐದನೇದು ಚಕ್ಕೋತ. ಮರ ಇರೋದು ಬಚ್ಚಲ ನೀರು ಹರಿಯೋ ಜಾಗದಲ್ಲಿ. ಆ ಮನೆಯೋರು ಸೀಗೆಪುಡಿ ಬಿಟ್ಟು ಶಾಂಪೂಗೆ ಬಂದು ಒಂದು ವರ್ಷ ಆಯ್ತು!"

ಪರದೆಯ ಹಿಂದಿನಿಂದ ಗಂಡಸಿನ ದನಿ: "ಅಯ್ಯಯ್ಯೋ, ನಿಜ ಕಣ್ರೀ!"

ಚಪ್ಪಾಳೆ ಬಿತ್ತು. ಆರನೆಯದು ರಾಗಿ ಬಿಯರು. ಪಿಳ್ಳಪ್ಪ ಗ್ಲಾಸಿಗೆ ಕೈಮುಗಿದು ಕುಡಿದ. "ರಾಗಿ ಹಳೇದು. ಚೀಲದಲ್ಲಿ ಇಲಿ ಓಡಾಡೈತೆ. ಒಂದೇ ಇಲಿ." ಮತ್ತೆ ಚಪ್ಪಾಳೆ. ಸಂಘಮಿತ್ರ ಮೇಡಂ ತಮ್ಮ ಪೆನ್ನು ಕೆಳಗಿಟ್ಟು ಅವನು ಹೇಳಿದ್ದನ್ನೆಲ್ಲ ಮೊಬೈಲಿನಲ್ಲಿ ರೆಕಾರ್ಡು ಮಾಡತೊಡಗಿದರು. ಪಿಳ್ಳಪ್ಪನ ಎದೆ ದೀಪಾವಳಿಯ ಆಕಾಶಬುಟ್ಟಿಯಂತೆ ಉಬ್ಬಿ ಬೆಳಗಿತು. ಎದ್ದು ನಿಂತ. ಮೈಕನ್ನು ಮನೋಹರನ ಕೈಯಿಂದ ತಾನೇ ತೆಗೆದುಕೊಂಡ.

ಒಂಬತ್ತನೇ ಗ್ಲಾಸಿನ ಬಣ್ಣ ಕಡುನೇರಳೆ. ಪಿಳ್ಳಪ್ಪ ಮೂಸಿದ. ಕಣ್ಣು ಮುಚ್ಚಿದ. ಒಂದು ಗುಟುಕು ಕುಡಿದ.

"ಇದು ನಮ್ಮ ಕಡೆ ಕಪ್ಪು ದ್ರಾಕ್ಷಿ. ಚಕ್ಕೋತದ ಸಿಪ್ಪೆ ಹಾಕವ್ರೆ, ಎರಡು ಲವಂಗ. ಆಹಾ! ಆ ಎಂಟನ್ನೂ ಎತ್ತಿ ಇದರ ಪಾದಕ್ಕೆ ಹಾಕ್ಬೇಕು. ಇದಕ್ಕೇ ಮೊದಲ್ನೇ ಬಹುಮಾನ. ಇದನ್ನ ಮಾಡಿದ ಹೆಣ್ಮಗಳು ಯಾರೋ ಗೊತ್ತಿಲ್ಲ, ಅವಳ ಕೈಗೆ ಬಂಗಾರದ ಬಳೆ ಹಾಕ್ಬೇಕು!"

ಪರದೆ ಸ್ವಲ್ಪ ಅಲ್ಲಾಡಿತು.

"ಇನ್ನೂ ಹೇಳಿ ಸರ್" ಎಂದರು ಮೇಡಂ.

"ಜಾಡಿ ಇದ್ದಿದ್ದು ದನದ ಕೊಟ್ಟಿಗೇಲಿ. ಅಲ್ಲಿ ಒಂದು ಸೀಮೆಹಸು, ಒಂದು ಕರು. ಹಸುಗೆ ಮೆಕ್ಕೆಜೋಳದ ಕಡ್ಡಿ ಹಾಕ್ತಾರೆ. ಆ ಮನೇಲಿ ಎರಡು ಹೊತ್ತು ಸಾಂಬ್ರಾಣಿ ಹೊಗೆ." ಪಿಳ್ಳಪ್ಪ ನಗಲು ಶುರುಮಾಡಿದ. "ಯಾಕೆ ಹೇಳಿ? ಗಂಡನಿಗೆ ವಾಸನೆ ಗೊತ್ತಾಗ್ಬಾರ್ದು ಅಂತ! ಗಂಡ ಮಂಡಿಗೆ ಬೇವಿನೆಣ್ಣೆ ತಿಕ್ಕೋ ಆಸಾಮಿ. ದಿನಾ ಅದೇ ಕೊಟ್ಟಿಗೇಲಿ ಓಡಾಡ್ತಾನೆ. ಮೂಗಿನ ಕೆಳಗೇ ನಾಲ್ಕು ತಿಂಗಳು ವೈನು ಕೊಳೆಯುತ್ತೆ, ಅವನಿಗೆ ಗೊತ್ತಿಲ್ಲ! ಇಂಥ ಪೆದ್ದ ನನ್ಮಗ ಈ ತಾಲ್ಲೂಕಲ್ಲೇ ಇನ್ನೊಬ್ಬ ಇರಲ್ಲ!"

ಸಭೆ ಬಿದ್ದು ಬಿದ್ದು ನಕ್ಕಿತು. ಕೊಂಡಪ್ಪ ಮಾತ್ರ ಗೋಡಂಬಿ ಅಗಿಯುವುದನ್ನು ನಿಲ್ಲಿಸಿ ಪಿಳ್ಳಪ್ಪನ ಮಂಡಿಯನ್ನೇ ನೋಡುತ್ತಿದ್ದ.

ಮನೋಹರ್ ಚೀಟಿ ಬಿಡಿಸಿ ಓದಿದ. "ಒಂಬತ್ತನೇ ನಂಬರ್. ಗೌಡನಕುಂಟೆ ಸ್ತ್ರೀಶಕ್ತಿ ಸಂಘ. ತಯಾರಿಸಿದವರು ಶ್ರೀಮತಿ ಮುನಿರತ್ನಮ್ಮ!"

ಪರದೆ ಸರಿಯಿತು. ಮದುವೆಗೆ ಉಡುವ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಮುನಿರತ್ನಮ್ಮ ಬಂದಳು. ಹಿಂದೆ ದ್ಯಾವಮ್ಮ, ಅವಳ ಹಿಂದೆ ದಿನವೂ ಬೆಳಗ್ಗೆ ಹಾಲಿನ ಸಾಲಿನಲ್ಲಿ ನಿಲ್ಲುವ ಅಷ್ಟೂ ಹೆಂಗಸರು. ಪಿಳ್ಳಪ್ಪನ ಕೈಯಲ್ಲಿದ್ದ ಮೈಕು ಕುಂಯ್ ಎಂದು ಕಿರುಚಿತು.

"ರತ್ನಾ... ಉಪ್ಪಿನಕಾಯಿ?"

"ಮುಂದಿನ ವರ್ಷ ಹಾಕಾನ" ಎಂದಳು ಅವಳು, ತಲೆ ಎತ್ತಿ. ಹದಿನೆಂಟು ವರ್ಷ ಸಂಸಾರ ಮಾಡಿದ ಪಿಳ್ಳಪ್ಪ ಅವಳು ಅಷ್ಟು ನೆಟ್ಟಗೆ ನಿಂತದ್ದನ್ನು ನೋಡಿರಲಿಲ್ಲ. ಮತ್ತಿನಲ್ಲೂ, ನಾಚಿಕೆಯಲ್ಲೂ ಅವನ ಒಳಗೆ ಏನೋ ಹೆಮ್ಮೆ ಎದ್ದು ಬಂತು. ನನ್ನ ಹೆಂಡತಿ ಎಂದು ಕೂಗಬೇಕೆನಿಸಿತು. ಆದರೆ ಹಾಗೆ ಕೂಗಿದರೆ ಆ ಪೆದ್ದ ಯಾರೆಂದು ಇನ್ನೂ ತಿಳಿಯದವರಿಗೂ ತಿಳಿದುಹೋಗುತ್ತಿತ್ತು. ಸುಮ್ಮನೆ ಚಪ್ಪಾಳೆ ತಟ್ಟಿದ.

ಪಿಳ್ಳಪ್ಪನ ಕೈಗೆ ಸರ್ಟಿಫಿಕೇಟು ಬಂತು. ಗಾಜಿನ ಫ್ರೇಮು, ಚಿನ್ನದ ಬಣ್ಣದ ಅಂಚು. ಅವನಿಗೆ ಜೀವ ಬಂದಂತಾಯಿತು. ಮಾನ ಹೋದರೂ ಸ್ಟೂಲು ಉಳಿಯಿತು.

"ಇನ್ನು ಗೆದ್ದ ಸಂಘ ಕೇಳಿರುವ ಸಲಕರಣೆ" ಎಂದು ಮನೋಹರ್ ಚೀಟಿಯ ಕೆಳಗಿನ ಸಾಲು ಓದಿದ. "ತಿಂಗಳ ಹಿಂದೆಯೇ ಅಧ್ಯಕ್ಷೆ ದ್ಯಾವಮ್ಮನವರು ಅರ್ಜಿಯಲ್ಲಿ ಬರೆದುಕೊಟ್ಟಿದ್ದಾರೆ. ಗೌಡನಕುಂಟೆ ಡೈರಿಗೆ ಹಾಲು ಪರೀಕ್ಷೆ ಮಾಡುವ ಒಂದು ಹೊಸ ಮೆಷಿನ್. ಸೋಮವಾರವೇ ಕಳಿಸಿಕೊಡ್ತೀವಿ!"

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಕೊಂಡಪ್ಪ.

ಸಂಜೆ ಹೆಂಗಸರ ವ್ಯಾನಿನಲ್ಲೇ ಪಿಳ್ಳಪ್ಪನನ್ನೂ ಕೂರಿಸಿಕೊಂಡು ಹೊರಟರು. ಮೆತ್ತಗೆ ಹಾಡು, ಜೋರಾಗಿ ನಗು. ಅವನು ಹಿಂದಿನ ಸೀಟಿನಲ್ಲಿ ಸರ್ಟಿಫಿಕೇಟನ್ನು ಮಡಿಲಲ್ಲಿ ಮಗುವಿನಂತೆ ಮಲಗಿಸಿಕೊಂಡು ಕೂತಿದ್ದ.

"ಅದನ್ನ ಮೆಷಿನ್ ಮ್ಯಾಲೇ ನೇತಾಕ್ತೀವಿ ಬಿಡ್ಲಾ" ಎಂದು ದ್ಯಾವಮ್ಮ ಸಮಾಧಾನ ಮಾಡಿದಳು. "ಧೂಳು ಒರೆಸೋವಾಗ ದಿನಾ ನೋಡ್ಬೋದು."

ಪಿಳ್ಳಪ್ಪ ಉಳಿದಿದ್ದ ಅಭಿಮಾನವನ್ನೆಲ್ಲ ಗುಡಿಸಿ ಒಟ್ಟು ಮಾಡಿ ಹೆಂಡತಿಯ ಕಡೆ ತಿರುಗಿದ.

"ಏನಾದ್ರೂ ಆಗ್ಲಿ ಕಣೇ. ಅಷ್ಟು ಜನದ ಮುಂದೆ ನನ್ನ ಮೂಗು ಒಂದೇ ಒಂದು ತಪ್ಪು ಹೇಳ್ಲಿಲ್ಲ."

ಮುನಿರತ್ನಮ್ಮ ಅವನ ಭುಜಕ್ಕೆ ತಲೆ ಆನಿಸಿದಳು.

"ಒಂದೂ ಇಲ್ಲ ಕಣ್ರೀ" ಎಂದಳು. "ಆ ಮನೆ ಗಂಡಸಿನ ವಿಷಯಾನೂ ಸೇರ್ಸಿ."