ಎಮ್ಮೆಯ ಪಾಲಿನ ಮುಸುರೆ ನೀರು

ಬೆಳಿಗ್ಗೆ ಆರು ಗಂಟೆ ಹನ್ನೆರಡು ನಿಮಿಷಕ್ಕೆ ಬೀದರಿನ ನಿವೃತ್ತ ವಿಜ್ಞಾನ ಮಾಸ್ತರ ಭಾಲಚಂದ್ರರು ಅಡುಗೆಮನೆಯ ಸಿಂಕಿಗೆ ಪೈಪು ಜೋಡಿಸಲು ಅದರ ಕೆಳಗೆ ತಲೆ ತೂರಿಸಿ ಮಲಗಿದ್ದರು. ಭಗೀರಥ ಗಂಗೆಯನ್ನು ತಂದ ಹಾಗೆ ತಾವು ಮುಸುರೆ ನೀರನ್ನು ಅಂಗಳಕ್ಕೆ ಇಳಿಸುವುದಾಗಿ ರಾತ್ರಿಯೇ ಘೋಷಿಸಿದ್ದರು. ನಳದ ನೀರು ವಾರಕ್ಕೊಮ್ಮೆ. ಹೆಂಡತಿ ನಲಿನಿಯ ಮಲ್ಲಿಗೆ ಬಾಡುತ್ತಿತ್ತು. ತೀರಿಹೋದ ತನ್ನ ಅವ್ವನ ಭಾತಂಬ್ರಾ ಊರಿನ ಮನೆಯಿಂದ ನಲಿನಿ ತಂದು ಊರಿದ್ದ ಒಂದೇ ಒಂದು ಟೊಂಗೆಯೇ ಈ ಗಿಡವಾಗಿತ್ತು.

"ಸೋಪಿನ ನೀರು ಹಾಕಿದ್ರ ಸಾಯ್ತದರಿ," ಎಂದಳು ನಲಿನಿ.

"ನನಗ ಹೇಳ್ತೀಯೇನು? ಸೋಪು ಹಚ್ಚೋ ಮುಂಚಿನ ತೊಳೆತ ಅಷ್ಟ ಬಿಡ್ತೇನಿ. ಅನ್ನದ ಅಗಳು, ಅಕ್ಕಿ ತೊಳದ ನೀರು. ಶುದ್ಧ ಗೊಬ್ಬರ."

"ಅದು ಸಖುಬಾಯಿ ಎಮ್ಮಿ ಪಾಲರಿ."

"ಎಮ್ಮಿಗೇನು ಪಟ್ಟಾ ಬರದು ಕೊಟ್ಟೀವೇನು?"

ಸಂಜೆ ಪಕ್ಕದ ಮನೆಯ ಸಖುಬಾಯಿ ಎಂದಿನಂತೆ ಮುಸುರೆಗೆ ಬಕೆಟ್ ಹಿಡಿದು ಬಂದಳು. ಮಾಸ್ತರರು ಬಾಗಿಲಲ್ಲೇ ನಿಂತು ಜಲಸಂರಕ್ಷಣೆಯ ಪಾಠ ಮಾಡಿದರು.

ಆಕೆ ಕೊನೆಯವರೆಗೂ ಕೇಳಿದಳು. "ನನಗ ತಿಳೀತರಿ ಮಾಸ್ತರ. ನಮ್ಮ ಎಮ್ಮಿಗಿ ನೀವ ಹೇಳ್ರಿ. ಅದು ಸಾಲಿ ಕಲ್ತಿಲ್ಲ."

ಹೇಳುವ ಅವಕಾಶ ಬೇಗನೇ ಬಂತು. ಮಲ್ಲಿಗೆಯ ಬುಡದಲ್ಲಿ ಅಗಳು ಕೂತು ಹುಳಿ ವಾಸನೆ ಎದ್ದಿತ್ತು. ಎಮ್ಮೆ ಕಣ್ಣಿ ಕಿತ್ತುಕೊಂಡು ಆ ವಾಸನೆಯ ಹಿಂದೆಯೇ ಬಂತು. ಗೇಟು ಅದಕ್ಕೆ ಅಡ್ಡಿಯಾಗಲಿಲ್ಲ. ಮೊದಲು ಅಗಳು ನೆಕ್ಕಿತು. ನೀರುಂಡ ಮಣ್ಣನ್ನು ಮೂತಿಯಿಂದ ಕೆದಕಿತು. ಮೇಲೆ ಹಸಿರು ಕಂಡಿತು, ಅದನ್ನೂ ಬಿಡಲಿಲ್ಲ. ಮಾಸ್ತರರು ಕೈಯಲ್ಲಿದ್ದ ನೀರಳೆಯುವ ಮಗ್ಗು ಎತ್ತಿ "ಹೋಗು, ಹೋಗು" ಎನ್ನುತ್ತಲೇ ಇದ್ದರು. ಎಮ್ಮೆ ಪೈಪನ್ನೂ ಒಮ್ಮೆ ಅಗಿದು ನೋಡಿ, ರುಚಿಸದೆ ಉಗುಳಿ, ತನ್ನ ಪಾಡಿಗೆ ತಾನು ಮನೆಗೆ ಹೋಯಿತು.

ನಲಿನಿ ಬಂದು ಕುಳಿತು, ಕಿತ್ತು ಬಿದ್ದಿದ್ದ ಬೊಡ್ಡೆಯನ್ನು ಕೈಗೆತ್ತಿಕೊಂಡಳು. ಬೇರು ತುಳಿತಕ್ಕೆ ಜಜ್ಜಿಹೋಗಿತ್ತು. ಬೈಯಲಿಲ್ಲ. ಬೈದಿದ್ದರೆ ಮಾಸ್ತರರಿಗೆ ಉತ್ತರವಿತ್ತು.

"ಭಾತಂಬ್ರಾಕ್ಕ ಹೋಗಿ ಇನ್ನೊಂದು ಟೊಂಗಿ ತರೋಣು," ಎಂದರು. "ನಾಳೇನೇ."

"ಅಲ್ಲಿ ಈಗ ಅಂಗಡಿ ಸಾಲು ಆಗ್ಯಾವರಿ. ಮನಿ ಕೆಡವೋ ಮುಂಚೆ, ಇನ್ನೊಂದು ಟೊಂಗಿ ತಂದಿಡೋಣು, ಗಾಡಿ ತಗೀರಿ ಅಂತ ನಾನ ಅಂದಿದ್ದೆ. ನೀವು ಲೆಕ್ಕ ಹಾಕಿದ್ರಿ."

"ನಾ ಏನಂದಿದ್ದೆ?"

ನಲಿನಿ ಬೊಡ್ಡೆಯ ಮಣ್ಣು ಕೊಡವಿದಳು.

"ಒಂದು ಟೊಂಗಿ ಸಲುವಾಗಿ, ಹೋಗಿ ಬರೋದು, ನೂರಾ ನಾಲ್ಕು ಕಿಲೋಮೀಟರ ಅಂದಿದ್ರಿ."